ಬಲ್ಬಿನ ಕಾವಿನಲ್ಲಿ ಬೆಳೆದ ಮರಿಗಳು ಗಳ ಏರುತ್ತಿಲ್ಲ, ಹಳೆಯ ಕೋಳಿಗಳು ಹತ್ತಿರ ಸೇರಿಸುತ್ತಿಲ್ಲ

ಪ್ರಶ್ನೆ – ಚಿಂತಾಮಣಿ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯಲ್ಲಿ ಹಲವು ವರ್ಷಗಳಿಂದ ನಾಟಿ ಕೋಳಿಗಳಿವೆ. ಈ ಸಲ ಯಾವ ಹೇಂಟೆಯೂ ಕಾವಿಗೆ ಕೂರಲಿಲ್ಲವಾದ್ದರಿಂದ ಗಿರಿರಾಜ ಮರಿಗಳನ್ನು ತಂದು, ಖಾಲಿಯಿದ್ದ ರೇಷ್ಮೆ ಹುಳು ಮನೆಯಲ್ಲಿ ಬಲ್ಬಿನ ಕೆಳಗೆ ಬೆಳೆಸಿದೆವು. ಈಗ ಅವಕ್ಕೆ ಒಂಬತ್ತು ವಾರ ತುಂಬಿರುವುದರಿಂದ ಹಳೆಯ ಕೋಳಿಗಳ ಗೂಡಿಗೇ ಬಿಟ್ಟಿದ್ದೇವೆ. ಕತ್ತಲಾಗುತ್ತಿದ್ದಂತೆ ಹಳೆಯವು ನೀಲಗಿರಿ ಗಳದ ಮೇಲೆ ಸಾಲಾಗಿ ಕೂರುತ್ತವೆ. ಮರಿಗಳು ಮಾತ್ರ ನೆಲದ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅಡಿಯಲ್ಲಿದ್ದ ಮರಿಗಳ ಪುಕ್ಕವೆಲ್ಲ ಒದ್ದೆಯಾಗಿ ಮೈಗೆ ಅಂಟಿಕೊಂಡಿರುತ್ತದೆ. ಯಾವುದಾದರೊಂದು ಮರಿ ಗಳಕ್ಕೆ ಹಾರಿದರೂ, ಕತ್ತು ಕಪ್ಪಗಿರುವ ಒಂದು ಹೇಂಟೆ ತಲೆಗೆ ಕುಕ್ಕಿ ಕೆಳಗಿಳಿಸುತ್ತದೆ. ಇವು ತಾವಾಗಿಯೇ ಕಲಿಯುತ್ತವೆಯೇ, ಅಥವಾ ನಾವು ಏನಾದರೂ ಮಾಡಬೇಕೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ – ತಿಪಟೂರಿನಿಂದ

ಗಳ ಏರಿ ಮಲಗುವುದು ಕೋಳಿಗೆ ಹುಟ್ಟಿನಿಂದ ಬಂದ ಗುಣ, ಆದರೆ ಅದು ತಾಯಿಯ ಜೊತೆಯಲ್ಲಿ ಬೇಗ ಎಚ್ಚರಗೊಳ್ಳುತ್ತದೆ. ಹೇಂಟೆ ಮೇಲೆ ಹತ್ತಿ ಕರೆದರೆ ಮರಿಗಳು ಹಿಂದೆಯೇ ಹಾರಲು ನೋಡುತ್ತವೆ. ಬಲ್ಬಿನ ಕೆಳಗೆ ಬೆಳೆದವಕ್ಕೆ ಹಾಗೆ ಕರೆಯುವವರಿಲ್ಲ. ಆದ್ದರಿಂದ ಅವು ತಡ ಮಾಡುವುದು ಸಹಜ, ಗಾಬರಿ ಬೇಡ. ಆದರೆ ರಾಶಿ ಬಿದ್ದು ಮಲಗುವುದನ್ನು ಹಾಗೇ ಬಿಡಬೇಡಿ, ಚಳಿ ಹೆಚ್ಚಿದ ರಾತ್ರಿಯಲ್ಲಿ ಅಡಿಯ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಇಂದೇ ಆ ಮೂಲೆಗೆ ಒಂದು ಹಲಗೆಯನ್ನೋ ತಗಡನ್ನೋ ಅಡ್ಡಲಾಗಿ ಬಾಗಿಸಿ ನಿಲ್ಲಿಸಿ, ಮೂಲೆಯೇ ಇಲ್ಲದಂತೆ ಮಾಡಿ.

ನಿಮ್ಮ ಗಳ ಎಷ್ಟು ಎತ್ತರದಲ್ಲಿದೆ ಎಂದು ನೀವು ಬರೆದಿಲ್ಲ. ಗಿರಿರಾಜ ಮೈಭಾರದ ತಳಿ, ನಾಟಿ ಕೋಳಿಯಷ್ಟು ಹಗುರವಾಗಿ ಹಾರಲಾರದು. ಎತ್ತರದಿಂದ ಧೊಪ್ಪನೆ ಇಳಿದಿಳಿದು ಅದರ ಅಂಗಾಲಿನಲ್ಲಿ ಗಾಯವಾಗಿ ಕೀವು ಕಟ್ಟುವುದೂ ಉಂಟು. ಮರಿಗಳಿಗಾಗಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ ಬೇರೆಯೇ ಒಂದು ಗಳ ಕಟ್ಟಿ. ಅದರ ದಪ್ಪ ನಾಲ್ಕೈದು ಸೆಂಟಿಮೀಟರ್ ಇದ್ದು, ಮೇಲ್ಭಾಗದ ಅಂಚು ಗುಂಡಾಗಿರಲಿ. ಬೆರಳುಗಳು ಅದರ ಸುತ್ತ ಹಿಡಿಯುವಂತಿರಬೇಕು, ಕುಳಿತಾಗ ಹೊಟ್ಟೆಯ ಪುಕ್ಕ ಬೆರಳುಗಳನ್ನು ಮುಚ್ಚುವಂತಿರಬೇಕು. ನಮ್ಮ ಕಡೆ ಅಡಿಕೆ ದಬ್ಬೆಯನ್ನು ಹೆರೆದು ಬಳಸುತ್ತೇವೆ. ಕಬ್ಬಿಣದ ಅಥವಾ ಪಿವಿಸಿ ಪೈಪು ಜಾರುತ್ತದೆ, ಬೇಡ. ನೀಲಗಿರಿಯಾದರೆ ತೊಗಟೆಯನ್ನು ಪೂರ್ತಿ ಸುಲಿದುಬಿಡಿ, ಏಕೆಂದರೆ ಹಗಲಲ್ಲಿ ತೊಗಟೆಯ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಕೆಂಪು ನುಸಿಗೆ ಅದೇ ಮನೆ.

ಉತ್ತರ – ಕೋಲಾರದಿಂದ, ನಿವೃತ್ತ ಪಶುವೈದ್ಯ

ಗಳದ ವಿಷಯವನ್ನು ತಿಪಟೂರಿನವರು ಸರಿಯಾಗಿ ಹೇಳಿದ್ದಾರೆ. ಆದರೆ ನಿಮ್ಮ ಎರಡು ತೊಂದರೆಗಳೂ ನನ್ನ ದೃಷ್ಟಿಯಲ್ಲಿ ಒಂದೇ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೀಳಿನ ಕಟ್ಟುನಿಟ್ಟಾದ ಕ್ರಮವಿದೆ. ನಾರ್ವೆಯ ಷೆಲ್ಡೆರಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದ ಆರಂಭದಲ್ಲಿಯೇ ಇದನ್ನು ವಿವರಿಸಿದರು. ಆ ಕ್ರಮ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗಗಳೆಂದರೆ ಮೇವಿನ ತಟ್ಟೆ ಮತ್ತು ರಾತ್ರಿಯ ಗಳ. ಹಳೆಯ ಹೇಂಟೆ ಕುಕ್ಕುವುದು ತನ್ನ ಜಾಗವನ್ನು ಉಳಿಸಿಕೊಳ್ಳುವುದಕ್ಕೆ. ಗಳದಲ್ಲಿ ತಲೆಗೆ 20 ಸೆಂಟಿಮೀಟರ್, ಗಿರಿರಾಜಕ್ಕೆ 25 ಸೆಂಟಿಮೀಟರ್ ಲೆಕ್ಕ ಹಾಕಿ ನೋಡಿ; ಸಾಲದಿದ್ದರೆ ಎಷ್ಟು ಕಲಿಸಿದರೂ ಮರಿಗಳು ಮೇಲೆ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಹೊರಗಿನಿಂದ ಬಂದ ಕೋಳಿಗಳನ್ನು ನೇರವಾಗಿ ಹಳೆಯ ಹಿಂಡಿಗೆ ಬಿಡಬಾರದು. ಬೆಳೆದ ಕೋಳಿಗಳನ್ನು ಸಂತೆಯಿಂದ ತಂದರಂತೂ ಮೂರು ನಾಲ್ಕು ವಾರ ದೂರವಿಡಬೇಕು, ಮೊದಲು ಹಳೆಯವಕ್ಕೆ ಮೇವು ನೀರು ಕೊಟ್ಟು, ಆಮೇಲೆ ಹೊಸವುಗಳ ಕಡೆಗೆ ಹೋಗಬೇಕು. ನಿಮ್ಮ ಮರಿಗಳು ಮನೆಯಲ್ಲೇ ಬೆಳೆದಿರುವುದರಿಂದ ಹೊರಗಿನ ರೋಗ ಅಂಟಿಸುವ ಭಯ ಕಡಿಮೆ. ಆದರೆ ಕೊಕ್ಕರೆ ರೋಗ (ರಾಣಿಖೇತ್) ಬಾರದಂತೆ ಮೊದಲ ವಾರದಲ್ಲಿ ಹಾಕುವ ಲಸೋಟ ಲಸಿಕೆಯ ಹನಿಯ ಜೊತೆಗೆ, ಅದೇ ರೋಗಕ್ಕೆ ಎಂಟನೇ ವಾರದ ಸುಮಾರಿಗೆ ಕೊಡಬೇಕಾದ ಆರ್‌2ಬಿ ಚುಚ್ಚುಮದ್ದು ಆಗಿದೆಯೇ? ಆಗಿಲ್ಲದಿದ್ದರೆ ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸಿ, ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆಯೊಂದೇ ರಕ್ಷಣೆ.

ಮೇವಿನಲ್ಲೂ ಎಚ್ಚರ ಬೇಕು, ಇದನ್ನು ಅನೇಕರು ಮರೆಯುತ್ತಾರೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಬಹಳ ಹೆಚ್ಚಿರುತ್ತದೆ. ಇನ್ನೂ ಮೊಟ್ಟೆಗೆ ಬಾರದ ಯಾಟೆಗಳು ಅದನ್ನೇ ವಾರಗಟ್ಟಲೆ ತಿಂದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಸಾಕುವಾಗ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ. ಮೊಟ್ಟೆಯಿಡುವ ಹೇಂಟೆಗಳು ಬೇಕಾದಷ್ಟನ್ನು ಅವೇ ತಿಂದುಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ವಂದನೆಗಳು. ಆರ್‌2ಬಿ ಹಾಕಿಸಿದ್ದೇವೆ ಸಾರ್. ಎರಡನೆಯ ಗಳವನ್ನು ನಾಳೆಯೇ ಕಟ್ಟುತ್ತೇವೆ. ಆದರೆ ಆ ಕಪ್ಪು ಕತ್ತಿನ ಹೇಂಟೆಯನ್ನು ಏನು ಮಾಡುವುದು? ಮತ್ತು ಮರಿಗಳನ್ನು ರಾತ್ರಿ ನಾವೇ ಎತ್ತಿ ಕೂರಿಸಬಹುದೇ?

ಉತ್ತರ – ಶಿರಾ ಕಡೆಯಿಂದ

ಎತ್ತಿ ಕೂರಿಸಬಹುದು ತಮ್ಮ, ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದಲೂ ಹಾಗೆಯೇ ಮಾಡುತ್ತಿದ್ದೇವೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ, ಹಾಗಾಗಿ ಜಗಳಕ್ಕೂ ಬರುವುದಿಲ್ಲ, ಕೂರಿಸಿದಲ್ಲೇ ಕೂರುತ್ತದೆ. ಎರಡೂ ಕೈಯಿಂದ ರೆಕ್ಕೆಯನ್ನು ಒತ್ತಿ ಹಿಡಿದು, ಎದೆಯ ಭಾಗ ಗಳಕ್ಕೆ ತಾಗುವಂತೆ ಮುಂದೆ ತಂದರೆ ಮರಿ ತಾನೇ ಕಾಲು ಚಾಚಿ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಕ್ಷಣಕಾಲ ಬೆನ್ನ ಮೇಲೆ ಕೈಯಿಟ್ಟಿದ್ದು ಮೆಲ್ಲಗೆ ಬಿಡಿ. ಎಲ್ಲವನ್ನೂ ಕೂರಿಸಲೇಬೇಕೆಂದಿಲ್ಲ, ಚುರುಕಾದ ನಾಲ್ಕೈದು ಕೂತರೆ ಉಳಿದವು ಅವನ್ನು ನೋಡಿ ಬರುತ್ತವೆ.

ಬಲ್ಬಿನ ವಿಷಯವನ್ನು ಯಾರೂ ಹೇಳಲಿಲ್ಲವಲ್ಲ. ಬಲ್ಬಿನಲ್ಲಿ ಬೆಳೆದ ಮರಿಗೆ ಬೆಳಕೆಂದರೆ ಬೆಚ್ಚಗಿನ ಜಾಗ. ನೆಲದ ಹತ್ತಿರ ದೀಪವಿದ್ದರೆ ಅಲ್ಲೇ ಗುಂಪುಗೂಡುತ್ತವೆ, ದಿಢೀರನೆ ಆರಿಸಿದರೆ ಇದ್ದಲ್ಲೇ ಬೆದರಿ ರಾಶಿ ಬೀಳುತ್ತವೆ. ಹಳೆಯವು ಗಳ ಏರಿದ ಮೇಲೂ ಅರ್ಧ ಗಂಟೆಯ ಮಟ್ಟಿಗೆ ಗಳದ ಮೇಲ್ಗಡೆ ಮಂದ ದೀಪವೊಂದು ಇರಲಿ, ಆ ಬೆಳಕಿನಲ್ಲಿ ಮರಿಗಳಿಗೆ ಹತ್ತಲು ದಾರಿ ಕಾಣುತ್ತದೆ.

ಕಪ್ಪು ಕತ್ತಿನ ಹೇಂಟೆಯನ್ನು ಮಾರಬೇಡಿ. ಕೆಲವು ದಿನ ಹಿಂಡಿನ ಕಣ್ಣಿಗೆ ಬೀಳದಂತೆ ಬೇರೆ ಮಂಕರಿಯಲ್ಲಿಡಿ. ತಿರುಗಿ ಬಂದಾಗ ಅದೇ ಹೊಸಬಳಂತಾಗಿ ಅದರ ದರ್ಪ ಇಳಿದಿರುತ್ತದೆ. ಆ ಅವಧಿಯಲ್ಲಿ ಮರಿಗಳನ್ನು ಜಾಲರಿಯ ಆಚೆ ಇಟ್ಟು, ಎರಡೂ ಗುಂಪು ಒಂದನ್ನೊಂದು ನೋಡಿಕೊಂಡು ಅಕ್ಕಪಕ್ಕದಲ್ಲೇ ಮೇಯುವಂತೆ ಮಾಡಿ. ಆಮೇಲೆ ಎಲ್ಲ ಮರಿಗಳನ್ನೂ ಒಟ್ಟಿಗೇ ಬಿಡಿ, ಒಂದೊಂದಾಗಿ ಬಿಟ್ಟರೆ ಎಲ್ಲ ಕೊಕ್ಕೂ ಅದೊಂದರ ಮೇಲೇ ಬೀಳುತ್ತದೆ. ಮೇವು ನೀರು ಎರಡು ಕಡೆ ಇರಲಿ, ಮರಿ ಮಾತ್ರ ನುಸುಳುವಷ್ಟು ಸಂದಿನ ಒಂದು ಅಡಗುತಾಣವೂ ಇರಲಿ. ಸಣ್ಣಪುಟ್ಟ ಕುಕ್ಕಾಟಕ್ಕೆ ಕೈ ಹಾಕಬೇಡಿ, ರಕ್ತ ಕಂಡರೆ ಮಾತ್ರ ಆ ಮರಿಯನ್ನು ತಕ್ಷಣ ಎತ್ತಿಕೊಳ್ಳಿ. ಕೆಂಪು ಕಂಡ ಕಡೆಗೇ ಉಳಿದವೂ ಕುಕ್ಕುತ್ತವೆ, ಗಾಯ ಒಣಗುವವರೆಗೆ ಅದು ಬೇರೆಯೇ ಇರಲಿ.