ಮೇಘಾಳ ಮೂಗು ಮತ್ತು ದೊಡ್ಡಪ್ಪನ ಫಾರ್ವರ್ಡ್

ಶೇಖರ ದೊಡ್ಡಪ್ಪ: ಎಲ್ಲರೂ ತಪ್ಪದೆ ಓದಿ!! ಮೂಗಿನ ಸರ್ಜರಿ ಆಗಿ ವರ್ಷಗಳಾದರೂ ಊತ ಇಳಿಯದಿದ್ದರೆ ಒಳಗೆ ಕೆಟ್ಟ ನೀರು ನಿಂತಿದೆ ಎಂದೇ ಅರ್ಥ. ಬೆಳಗ್ಗೆ, ರಾತ್ರಿ ಜೋರಾಗಿ ಒತ್ತಿ ತಿಕ್ಕಿದರೆ ಪೂರ್ತಿ ಇಳಿಯುತ್ತದೆ. ಡಾಕ್ಟರುಗಳು ಇದನ್ನು ಹೇಳುವುದಿಲ್ಲ. ಹತ್ತು ಜನಕ್ಕೆ ಕಳಿಸಿ.

ಶೇಖರ ದೊಡ್ಡಪ್ಪ: ಮೇಘಾ, ನೋಡಮ್ಮ, ನಿನಗೇ ಹೇಳಿದ ಹಾಗಿದೆ.

ಮೇಘಾ: ಇಡೀ ಗುಂಪಿನಲ್ಲಿ ನನ್ನ ಮೂಗಿನ ವಿಚಾರ. ಥ್ಯಾಂಕ್ಸ್ ದೊಡ್ಡಪ್ಪ 🙏

ಸುಧಾ ಅತ್ತೆ: ಇದ್ದ ಮೂಗು ಚೆನ್ನಾಗೇ ಇತ್ತು. ಆಗಲೇ ಬಡ್ಕೊಂಡೆ, ಯಾರು ಕೇಳಿದರು?

ನವೀನ್: ಅತ್ತೆ, ಅದು ಮುಗಿದ ಕಥೆ. ಈಗೇನು ಮಾಡಬೇಕು ಅಂತ ಹೇಳಿ.

ಕಿರಣ: ದೊಡ್ಡಪ್ಪ, ದಯವಿಟ್ಟು ಅದನ್ನು ಯಾರಿಗೂ ಕಳಿಸಬೇಡಿ. ಮೇಘಾ, ತಿಕ್ಕಲು ಹೋಗಬೇಡ.

ಶೇಖರ ದೊಡ್ಡಪ್ಪ: ನೀನು ಇಎನ್‌ಟಿ ಡಾಕ್ಟರು, ನೀನು ಹಾಗೇ ಹೇಳ್ತೀಯ ಬಿಡು. ನೀರಲ್ಲದೆ ಮತ್ತೇನಪ್ಪ ಅದು?

ಕಿರಣ: ನೀರಿನ ಊತ ಇರುವುದು ಮೊದಮೊದಲು. ಬಹುಪಾಲು ಕೆಲವು ವಾರಗಳಲ್ಲಿ ಇಳಿಯುತ್ತದೆ. ತುದಿಯದ್ದು ನಿಧಾನ, ಒಂದು ವರ್ಷ ಬೇಕು. ಚರ್ಮ ದಪ್ಪ ಇದ್ದರೆ ಇನ್ನೂ ಆರು ತಿಂಗಳು ಹಿಡಿಯಬಹುದು. ಅದಾದ ಮೇಲೂ ಇಳಿಯದೆ ಉಳಿದರೆ ಬೇರೆ ಕಾರಣ ಹುಡುಕಬೇಕು.

ಕಿರಣ: ಸರ್ಜನ್ ಒಳಗಿನ ಮೂಳೆ, ಕಾರ್ಟಿಲೇಜ್ (ಮೆದು ಎಲುಬು) ತೆಗೆದು ಸಣ್ಣದು ಮಾಡಿರ್ತಾರೆ. ಮೇಲಿನ ಚರ್ಮ ದಪ್ಪ ಇದ್ದರೆ ಆ ಹೊಸ ಅಳತೆಗೆ ಕುಗ್ಗುವುದಿಲ್ಲ. ನಡುವೆ ಜಾಗ ಉಳಿಯುತ್ತದೆ, ಅಲ್ಲಿ ಗಾಯದ ಗಟ್ಟಿ ಮಾಂಸ ತುಂಬಿಕೊಳ್ಳುತ್ತದೆ. ಅದಕ್ಕೇ ತುದಿಗಿಂತ ಸ್ವಲ್ಪ ಮೇಲೆ ಉಬ್ಬು ಬರುವುದು. ಕೆಲವರಿಗೆ ಅಲ್ಲಿ ಕಾರ್ಟಿಲೇಜೇ ಜಾಸ್ತಿ ಉಳಿದಿರುತ್ತದೆ. ಇನ್ನು ಕೆಲವರಿಗೆ ತುದಿಯ ಆಧಾರ ಹೋಗಿ ತುದಿ ಕೆಳಗಿಳಿದಿರುತ್ತದೆ, ಆಗ ಮೇಲಿನ ಭಾಗ ಉಬ್ಬಿದ ಹಾಗೆ ಕಾಣುತ್ತದೆ. ಕನ್ನಡಿಯಲ್ಲಿ ಮೂರೂ ಒಂದೇ. ತಿಕ್ಕಿದರೆ ಯಾವುದೂ ಕರಗಲ್ಲ.

ನವೀನ್: ಹಾಗಾದರೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸೋಣ. ನನ್ನ ಫ್ರೆಂಡ್‌ಗೆ ಎರಡೇ ಸಲಕ್ಕೆ ಇಳೀತು.

ಕಿರಣ: ಅವನಿಗೆ ಆಪರೇಷನ್ ಆಗಿ ಎಷ್ಟು ದಿನಕ್ಕೆ ಕೊಟ್ಟರು?

ನವೀನ್: ಎರಡು ತಿಂಗಳಿಗೆ.

ಕಿರಣ: ನೋಡು. ಹೊಸ ಗಾಯದ ಮಾಂಸ ಮೆತ್ತಗಿರುತ್ತದೆ, ಔಷಧಿಗೆ ಬಗ್ಗುತ್ತದೆ. ವರ್ಷಗಟ್ಟಲೆ ಹಳೆಯದು ಅಷ್ಟಾಗಿ ಬಗ್ಗಲ್ಲ. ಡೋಸ್ ಜಾಸ್ತಿಯಾದರೆ ಅಥವಾ ಚರ್ಮಕ್ಕೆ ತೀರಾ ಹತ್ತಿರ ಕೊಟ್ಟರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ. ಉಬ್ಬಿರುವುದು ಕಾರ್ಟಿಲೇಜ್ ಆಗಿದ್ದರಂತೂ ಸುಮ್ನೆ ಚುಚ್ಚಿಸಿಕೊಂಡಂತೆ.

ನವೀನ್: ಎಲ್ಲದಕ್ಕೂ ಬೇಡ ಅಂದರೆ ಹೇಗೆ? ಅವಳು ದಿನಾ ಕನ್ನಡಿ ಮುಂದೆ ಅಳ್ತಾಳೆ.

ಮೇಘಾ: ನವೀನ್!!

ಕಿರಣ: ಮೇಘಾ, ಒಂದೇ ಪ್ರಶ್ನೆ. ಊತ ಮೊದಲಿಂದಲೂ ಇಳಿದೇ ಇಲ್ವಾ, ಇಳಿದು ಮತ್ತೆ ಬಂತಾ?

ಮೇಘಾ: ಇಳಿದಿತ್ತು ಕಿರಣಣ್ಣ. ಹಳೇ ಫೋಟೋಗಳಲ್ಲಿ ತುದಿ ಸಪೂರ ಇದೆ. ಈಗ ಕೆಲವು ತಿಂಗಳಿಂದ ದಪ್ಪ ಅನಿಸುತ್ತಿದೆ. ಬೆಳಗ್ಗೆ ಜಾಸ್ತಿ, ಮಧ್ಯಾಹ್ನಕ್ಕೆ ಕಮ್ಮಿ. ಸೆಲ್ಫಿ ಕಳಿಸ್ಲಾ?

ಕಿರಣ: ಸೆಲ್ಫಿ ಬೇಡ. ಒಂದಡಿ ದೂರದಿಂದ ತೆಗೆದರೆ ಮೂಗು ಇರುವುದಕ್ಕಿಂತ ಸುಮಾರು 30% ಅಗಲ ಕಾಣುತ್ತದೆ. 2018ರಲ್ಲಿ ಅಮೆರಿಕದ ಸರ್ಜನ್‌ಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ನವೀನ್ ಕೈಲಿ ಐದಡಿ ದೂರದಿಂದ ತೆಗೆಸು. ಹಳೇ ಫೋಟೋನೂ ಅಷ್ಟೇ ದೂರದ್ದು ಇರಲಿ.

ಕಿರಣ: ಮತ್ತೆ, ಬೆಳಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಅಂದರೆ ಅದು ಗಾಯದ ಮಾಂಸ ಇರಲಾರದು. ಅದು ಹೊತ್ತು ನೋಡಿ ಏರಿಳಿಯುವುದಿಲ್ಲ.

ನವೀನ್: ಈಗ ತಾನೇ ಗಾಯದ ಮಾಂಸ ಅಂದೆಯಲ್ಲ?

ಕಿರಣ: ಅದು ಊತ ಇಳಿಯದೇ ಉಳಿದವರಿಗೆ. ಇವಳದ್ದು ಇಳಿದು ಬಂದಿದ್ದು. ಲೆಕ್ಕವೇ ಬೇರೆ. ಒಳಗೆ ಸಿಲಿಕೋನ್ ಏನಾದರೂ ಇಟ್ಟಿದ್ದಾರಾ ಮೇಘಾ? ಅದಕ್ಕೆ ವರ್ಷಗಳ ನಂತರವೂ ಸೋಂಕು ತಗಲಬಹುದು.

ಮೇಘಾ: ಇಲ್ಲ, ನನ್ನದೇ ಕಿವಿಯ ಕಾರ್ಟಿಲೇಜ್. ಆಕಾರಕ್ಕೆ ಚುಚ್ಚಿ ತುಂಬುವ ಫಿಲ್ಲರ್ ಕೂಡ ಹಾಕಿಸಿಲ್ಲ, ಪೆಟ್ಟೂ ಬಿದ್ದಿಲ್ಲ.

ಕಿರಣ: ಒಳ್ಳೇದು. ಆದರೂ ಒಳಗಿನ ಕರಗದ ಹೊಲಿಗೆ ತಡವಾಗಿ ಕೆರಳುವುದುಂಟು. ಹಾಗಾದರೆ ಒಂದೇ ಕಡೆ ಸಣ್ಣ ಗಂಟು ಕೈಗೆ ಸಿಗುತ್ತದೆ.

ಸುಧಾ ಅತ್ತೆ: ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಾತಾಡುವಷ್ಟು ಹೊತ್ತೂ ಅಂಗೈಯಲ್ಲಿ ಮೂಗು ಉಜ್ಜುತ್ತಾನೇ ಇದ್ದಳು. ಕೆನ್ನೆ, ಮೂಗು ಎರಡೂ ಕೆಂಪಗಿತ್ತು. ಪಕ್ಕದಲ್ಲಿ ಮೂಗಿನ ಡ್ರಾಪ್ಸ್ ಬಾಟಲಿ ಬೇರೆ.

ಕಿರಣ: ಅತ್ತೆ, ಇದನ್ನು ಮೊದಲೇ ಹೇಳಬಾರದಾ!

ಸುಧಾ ಅತ್ತೆ: ಯಾರಾದರೂ ಕೇಳಿದರಲ್ವಾ ಹೇಳೋಕೆ.

ಮೇಘಾ: ರಾತ್ರಿ ಮೂಗು ಕಟ್ಟುತ್ತದೆ, ಅದಕ್ಕೆ ಡ್ರಾಪ್ಸ್. ಮೂರು ತಿಂಗಳಿಂದ ದಿನಾ ಹಾಕ್ತೀನಿ. ಬಿಟ್ಟರೆ ಉಸಿರೇ ಆಡಲ್ಲ.

ಕಿರಣ: ಮೂಗು ತೆರೆಸುವ ಡ್ರಾಪ್ಸ್ ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಬಾರದು. ಆಮೇಲೆ ಅದೇ ಒಳಪೊರೆಯನ್ನು ಊದಿಸುತ್ತದೆ. ಇನ್ನಷ್ಟು ಕಟ್ಟುತ್ತದೆ, ಇನ್ನಷ್ಟು ಹಾಕ್ತೀಯ. ಕಟ್ಟುವುದಕ್ಕೆ ಮೂಲ ಅಲರ್ಜಿ ಇರಬಹುದು. ಹೊರಗಿನ ಕೆಂಪು, ದಪ್ಪ ಬರೀ ಉಜ್ಜಿದ್ದರಿಂದಲೂ ಇರಬಹುದು, ರೊಸೇಶಿಯಾ ಅನ್ನೋ ಚರ್ಮದ ತೊಂದರೆಯೂ ಇರಬಹುದು. ಅದನ್ನು ಚರ್ಮದ ಡಾಕ್ಟರು ನೋಡಬೇಕು. ಗುಂಪಿನಲ್ಲಿ ಕೂತು ನಾನು ತೀರ್ಮಾನ ಹೇಳಲ್ಲ. ಒಳಗೆ ಎಂಡೋಸ್ಕೋಪ್ (ಸಣ್ಣ ಕ್ಯಾಮೆರಾ ಕೊಳವೆ) ಹಾಕಿ ನೋಡಿಸಬೇಕು, ಬೆರಳಲ್ಲಿ ಒತ್ತಿ ನೋಡಬೇಕು. ಹಳೇ ಆಪರೇಷನ್ ಕಾಗದ ತೆಗೆದುಕೊಂಡು ಹೋಗು.

ಶೇಖರ ದೊಡ್ಡಪ್ಪ: ಇಷ್ಟೆಲ್ಲ ಆ ಮೆಸೇಜಿನಲ್ಲಿ ಬರೆದೇ ಇರಲಿಲ್ಲವಲ್ಲ.

ಕಿರಣ: ಇನ್ನೊಂದು. ಮೂಗು ಬಿಸಿಯಾಗಿ ನೋವು ಬಂದರೆ, ಜ್ವರ ಅಥವಾ ಕೀವು ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡ, ಅವತ್ತೇ ಹೋಗು. ಪೆಟ್ಟು ಬಿದ್ದು ಎರಡೂ ಹೊಳ್ಳೆ ಕಟ್ಟಿದರೂ ಹಾಗೇ. ನಡುಗೋಡೆಯಲ್ಲಿ ರಕ್ತ, ಕೀವು ನಿಂತರೆ ಕಾರ್ಟಿಲೇಜ್ ಸತ್ತು ಮೂಗಿನ ದಿಂಡು ಕುಸಿಯುತ್ತದೆ.

ಮೇಘಾ: ಅಂಥದ್ದೇನೂ ಇಲ್ಲ. ಡ್ರಾಪ್ಸ್ ಇವತ್ತೇ ನಿಲ್ಲಿಸಲಾ?

ಕಿರಣ: ನಿಲ್ಲಿಸಲೇಬೇಕು, ಆದರೆ ಬದಲಿಗೆ ಬೇರೆ ಸ್ಪ್ರೇ ಬೇಕಾಗಬಹುದು. ಸಂಜೆ ಫೋನ್ ಮಾಡು.

ನವೀನ್: ನಾನೂ ಜೊತೆಗೆ ಹೋಗ್ತೀನಿ. ಇಂಜೆಕ್ಷನ್ ಬಗ್ಗೆ ಕೇಳಿಯೇ ಕೇಳ್ತೀನಿ.

ಕಿರಣ: ಕೇಳು ಮಾರಾಯ. ಯಾವ ಪದರಕ್ಕೆ, ಎಷ್ಟು ಡೋಸ್, ಗುಳಿ ಬಿದ್ದರೆ ಏನು ಮಾಡ್ತೀರಿ, ಅದನ್ನೂ ಕೇಳು.