ಕಬ್ಬಿಗೆ ಯೂರಿಯಾ ಎಷ್ಟು, ಯಾವಾಗ? ಮಣ್ಣು ತಜ್ಞೆಯನ್ನು ಕೇಳಿ

ಹೊಸ ಸಾಲು: ನಮಸ್ಕಾರ ಮೇಡಂ. ಒಂದು ಎಕರೆ ಕಬ್ಬಿಗೆ ಯೂರಿಯಾ ಎಷ್ಟು ಹಾಕಬೇಕು?

ಮಣ್ಣು ತಜ್ಞೆ: ನಮಸ್ಕಾರ. ಮಣ್ಣು ಪರೀಕ್ಷೆ ಮಾಡಿಸದೆ ಒಂದೇ ಅಂಕಿ ಹೇಳೋಕಾಗಲ್ಲ. ಲೆಕ್ಕ ಹೀಗೆ ಶುರು ಮಾಡಿ: ಒಂದು ಟನ್ ಕಬ್ಬು ಹೊಲದಿಂದ ಸುಮಾರು 1 ಕೆಜಿ ಸಾರಜನಕ ಹೊತ್ತೊಯ್ಯುತ್ತದೆ. ಯೂರಿಯಾದಲ್ಲಿ ಇರೋದು 46% ಸಾರಜನಕ. ಹಾಕಿದ್ದರಲ್ಲಿ ಬೆಳೆಗೆ ದಕ್ಕೋದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಗಾಳಿಗೆ ಹೋಗುತ್ತೆ, ನೀರಿನ ಜೊತೆ ಇಳಿಯುತ್ತೆ, ಇಲ್ಲವೇ ಮಣ್ಣಿನ ಜೀವಿಗಳ ಪಾಲಾಗುತ್ತೆ. ಯಾವಾಗ ಹಾಕ್ತೀರಿ, ಎಲ್ಲಿ ಹಾಕ್ತೀರಿ ಅನ್ನೋದು ಸರಿಯಾದರೆ ಕಡಿಮೆ ಗೊಬ್ಬರದಲ್ಲೇ ಕೆಲಸ ಆಗುತ್ತೆ.

ಎರಡನೇ ಕುಳೆ: ಮೇಡಂ, ನಮ್ದು ಎರಡನೇ ಕುಳೆ ಐತ್ರಿ, ಕಡಿದ ಬುಡದಿಂದ ಮತ್ತ ಚಿಗುರಿದ ಬೆಳಿ. ಕಟಾವಾಗಿ ಎರಡೂವರೆ ತಿಂಗಳಾತು. ಎಲ್ಲಾ ಹಳದಿ ಬಿದ್ದೈತಿ. ಕಟಾವಿನಾಗ ಉಳಿದ ಒಣ ಎಲಿ, ರವದಿ, ಸುಟ್ಟಿಲ್ಲ, ಅದರ ಮ್ಯಾಲೇ ಮೂರು ಸಲ ಯೂರಿಯಾ ಚೆಲ್ಲೀನಿ. ಹಸರಾಗವಲ್ದು. ನಾಲ್ಕನೇ ಸಲ ಹಾಕ್ಲೇನ್ರಿ?

ಮಣ್ಣು ತಜ್ಞೆ: ಸದ್ಯಕ್ಕೆ ಬೇಡ, ದಯವಿಟ್ಟು ನಿಲ್ಲಿಸಿ. ರವದಿ ಸುಡದೆ ಬಿಟ್ಟದ್ದು ಒಳ್ಳೇದೇ ಆಯ್ತು, ಅದರ ಮೇಲೆ ಯೂರಿಯಾ ಚೆಲ್ಲಿದ್ದು ನಷ್ಟ. ಯೂರಿಯಾವನ್ನು ಒಡೆಯುವ ಕಿಣ್ವ ರವದಿಯಲ್ಲಿ ಹೇರಳವಾಗಿರುತ್ತೆ. ಇಬ್ಬನಿ ಬಿದ್ದರೂ ಸಾಕು, ಹರಳು ಕರಗಿ, ಒಡೆದು, ಅಮೋನಿಯಾ ಆಗಿ ಹಾರಿಹೋಗುತ್ತೆ. ಜೊತೆಗೆ ರವದಿಯಲ್ಲಿ ಇಂಗಾಲ ಸಾರಜನಕದ 70 ಪಟ್ಟಿಗೂ ಹೆಚ್ಚು. ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕಕ್ಕೂ ಬಾಯಿ ಹಾಕುತ್ತವೆ. ಕುಳೆಗೆ ನಾಟಿ ಬೆಳೆಗಿಂತ ಸುಮಾರು ಕಾಲು ಭಾಗ ಹೆಚ್ಚು ಕೊಡಿ, ಅದನ್ನೂ ಬೇಗ ಕೊಡಿ ಅನ್ನೋದಕ್ಕೆ ಇದೂ ಒಂದು ಕಾರಣ.

ಆದರೂ ಮೂರು ಸಲ ಹಾಕಿ ಸ್ವಲ್ಪವೂ ತಿರುಗಿಲ್ಲ ಅಂದರೆ ನನಗೆ ಅನುಮಾನ. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಎಳೆ ಎಲೆಗೆ ಅದನ್ನು ಸಾಗಿಸುತ್ತೆ, ಹಾಗಾಗಿ ಮೊದಲು ಕೆಳಗಿನ ಎಲೆ ಹಳದಿಯಾಗುತ್ತೆ. ಸುಳಿಯ ಹತ್ತಿರದ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಪಟ್ಟಿ ಇದ್ದರೆ ಅದು ಕಬ್ಬಿಣದ ಕೊರತೆ. ಬುಡದಿಂದ ಹುಲ್ಲಿನಂಥ ಸಣ್ಣ ಮರಿಗಳು ರಾಶಿ ಎದ್ದು ಬಿಳಿಚಿದ್ದರೆ ಅದು ರೋಗ, ಗೊಬ್ಬರಕ್ಕೆ ಬಗ್ಗಲ್ಲ; ಅಂಥ ಬುಡವನ್ನೇ ಕಿತ್ತು ಹಾಕಬೇಕು, ಆ ಹೊಲದ ಕಬ್ಬನ್ನು ಬಿತ್ತನೆಗೆ ಕೊಡಬಾರದು. ಒಂದೇ ಗಿಡದ ಮೇಲಿನ ಎಲೆ, ಕೆಳಗಿನ ಎಲೆ, ಬುಡ, ಮೂರರ ಫೋಟೋ ಹಾಕಿ. ಮಣ್ಣಿನಲ್ಲಿ ಸುಣ್ಣದ ಹರಳು ಕಾಣುತ್ತಾ ಅದನ್ನೂ ಹೇಳಿ.

ಹನಿ ನೀರು: ನ್ಯಾನೋ ಯೂರಿಯಾ ಹೇಗೆ ಮೇಡಂ?

ಭರ್ಜರಿ ಕಬ್ಬು: ಕಪ್ಪು ಹಸಿರು ಬರೋವರೆಗೂ ಹಾಕ್ತಾ ಇರಿ ಅಣ್ಣ. ನಾನು ಎಂಟನೇ ತಿಂಗಳಲ್ಲೂ ಹಾಕ್ತೀನಿ.

ಬರೀ ಸಗಣಿ: ಯೂರಿಯಾ ವಿಷ. ಬ್ರೆಜಿಲ್‌ನಲ್ಲಿ ಕಬ್ಬು ಗಾಳಿಯಿಂದಲೇ ಸಾರಜನಕ ತಗೊಳ್ಳುತ್ತೆ. ಒಂದು ಕಾಳೂ ಹಾಕಬೇಡಿ.

ಭರ್ಜರಿ ಕಬ್ಬು: ಮೊದಲು ನಿಮ್ಮ ಇಳುವರಿ ಹೇಳಿ, ಆಮೇಲೆ ಬುದ್ಧಿ ಹೇಳಿ.

ಬರೀ ಸಗಣಿ: ನಿಮ್ಮ ರಸದಲ್ಲಿ ಸಕ್ಕರೆ ಎಷ್ಟಿದೆ, ಅದನ್ನ ಹೇಳಿ. ತೂಕ ಎಲ್ಲಾ ನೀರೇ.

ಭರ್ಜರಿ ಕಬ್ಬು: ನನ್ನ ಹೊಲ ನೋಡದೇ ಮಾತಾಡಬೇಡ.

ಮಣ್ಣು ತಜ್ಞೆ: ಏಕವಚನ ಬೇಡ. ಹನ್ನೆರಡು ತಿಂಗಳ ಬೆಳೆಗೆ ಸಾರಜನಕ ನಾಲ್ಕನೇ ತಿಂಗಳೊಳಗೆ, ಬುಡಕ್ಕೆ ದೊಡ್ಡ ಮಣ್ಣೇರಿಸುವ ಹೊತ್ತಿಗೆ ಮುಗಿಯಬೇಕು. ತಡವಾಗಿ ಹಾಕಿದ್ದು ಎಲೆಗೆ ಹೋಗುತ್ತೆ, ಮಾಗೋದು ತಡವಾಗುತ್ತೆ, ಸಕ್ಕರೆ ಇಳಿಯುತ್ತೆ, ಕಬ್ಬು ಮಲಗುತ್ತೆ. ಬ್ರೆಜಿಲ್ ವಿಷಯ: ಕಬ್ಬಿನೊಳಗೇ ಬದುಕಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾವನ್ನು ಅಲ್ಲಿನ ವಿಜ್ಞಾನಿ ಯೊಹಾನ್ನಾ ಡೋಬರೈನರ್ ಮತ್ತು ಸಹೋದ್ಯೋಗಿ 1988ರಲ್ಲಿ ವರದಿ ಮಾಡಿದ್ದು ನಿಜ. ಆದರೆ ಅಲ್ಲಿನ ರೈತರೂ ಸಾರಜನಕ ಗೊಬ್ಬರ ಹಾಕ್ತಾರೆ, ಪ್ರಮಾಣ ಕಡಿಮೆ ಅಷ್ಟೆ.

ತೋಟದ ದಾರಿ: ಮೇಡಂ ಎಕರೆಗೆ ಎಷ್ಟು ಯೂರಿಯಾ?

ಮಣ್ಣು ತಜ್ಞೆ: ಮೇಲಿದೆ.

ಒಳ್ಳೆ ಮಾಹಿತಿ: ಫಾರ್ವರ್ಡ್ ಬಂದದ್ದು 🙏 ಯೂರಿಯಾ, ಅಮೋನಿಯಂ ಸಲ್ಫೇಟ್, ಸುಟ್ಟ ಸುಣ್ಣ ಡ್ರಮ್ಮಿನಲ್ಲಿ ಕಲಸಿ ರಾತ್ರಿ ಮುಚ್ಚಿಡಿ. ಬೆಳಗ್ಗೆ ಸಿಂಪಡಿಸಿದರೆ ಇಳುವರಿ ಡಬಲ್.

ಮಣ್ಣು ತಜ್ಞೆ: ಇದನ್ನು ಈಗಲೇ ಅಳಿಸಿ. ಅಮೋನಿಯಂ ಸಲ್ಫೇಟಿಗೆ ಸುಣ್ಣ ಬೆರೆತರೆ ಅಮೋನಿಯಾ ಅನಿಲ ಏಳುತ್ತೆ. ಮುಚ್ಚಿದ ಡ್ರಮ್ಮಿನ ಮುಚ್ಚಳ ತೆಗೆದವರ ಕಣ್ಣು, ಶ್ವಾಸಕೋಶ ಸುಡುತ್ತೆ. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತೆ. ಯಾರಾದರೂ ಕಲಸಿಟ್ಟಿದ್ದರೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರ ಇಡಿ. ಬರೀ ಯೂರಿಯಾ ನೀರಾದರೂ ದನ ಕುಡಿದರೆ ಸಾಯುತ್ತೆ, ಬಕೆಟ್ ಬಯಲಲ್ಲಿ ಬಿಡಬೇಡಿ.

ಒಳ್ಳೆ ಮಾಹಿತಿ: ನಾನು ಬರೆದದ್ದಲ್ಲ ಮೇಡಂ, ಬಂದದ್ದನ್ನು ಹಾಕಿದೆ.

ಮಣ್ಣು ತಜ್ಞೆ: ಓದಿ ಮಾಡುವವರಿಗೆ ಅದು ಗೊತ್ತಾಗುತ್ತಾ? ಅಳಿಸಿ ಅಂದೆ.

ಹನಿ ನೀರು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಭರ್ಜರಿ ಕಬ್ಬು: ಎಂಟನೇ ತಿಂಗಳು ಹಾಕಿ ನನಗೇನೂ ನಷ್ಟ ಆಗಿಲ್ಲ. ಪುಸ್ತಕದ ಮಾತು ಹೊಲದಲ್ಲಿ ನಡೆಯಲ್ಲ.

ಮಣ್ಣು ತಜ್ಞೆ: ನಾಲ್ಕು ಸಾಲಿಗೆ ಹಾಕದೆ ಬಿಡಿ. ಕಟಾವಿನ ವಾರ ಎರಡೂ ಕಡೆಯ ರಸದ ಬ್ರಿಕ್ಸ್ (ಸಕ್ಕರೆ ಅಂಶದ ಅಳತೆ) ಅಳೆದು ಇಲ್ಲಿ ಹಾಕಿ. ಅಲ್ಲಿವರೆಗೆ ಈ ವಾದ ಸಾಕು.

ಎರಡನೇ ಕುಳೆ: ಫೋಟೋ ಹಾಕೀನ್ರಿ. ಮ್ಯಾಲಿನ ಎಲಿ ಪಟ್ಟಿ ಪಟ್ಟಿ ಹಳದಿ, ಕೆಳಗಿಂದು ಹಸರೇ ಐತಿ. ಬುಡದಾಗ ಹುಲ್ಲಿನಂಗ ಮರಿ ಇಲ್ಲ. ಮಣ್ಣಾಗ ಬಿಳಿ ಹರಳು ಭಾಳ ಅದಾವ್ರಿ.

ಮಣ್ಣು ತಜ್ಞೆ: ಕಬ್ಬಿಣದ ಕೊರತೆಯೇ. ರೋಗ ಅಲ್ಲ ಅನ್ನೋದು ಸಮಾಧಾನ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ, ಕುಳೆಯ ಹಳೆ ಬೇರಿಗೆ ಇನ್ನೂ ಕಷ್ಟ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆ ತೋಯುವಂತೆ ಸಿಂಪಡಿಸಿ. ವಾರ ಬಿಟ್ಟು ಮತ್ತೆ, ಬೇಕಾದರೆ ಮೂರನೇ ಸಲ. ಆಗಾಗಲೇ ಬೆರೆಸಿ, ತುಕ್ಕಿನ ಬಣ್ಣಕ್ಕೆ ತಿರುಗಿದ ನೀರು ಪ್ರಯೋಜನವಿಲ್ಲ. ಹೊಸ ಸುಳಿ ಹಸಿರಾಗಿ ಬಂದ ಮೇಲೆ ಬಾಕಿ ಯೂರಿಯಾ: ರವದಿ ಸರಿಸಿ, ಸಾಲಿನ ಪಕ್ಕ ಮಣ್ಣಿನೊಳಗೆ ಹಾಕಿ, ಮುಚ್ಚಿ, ಅದೇ ದಿನ ನೀರು ಕೊಡಿ. ನಾಲ್ಕನೇ ತಿಂಗಳು ದಾಟಿಸಬೇಡಿ. ಎರಡನೇ ಸಿಂಪಡಣೆ ಆದ ಮೇಲೆ ಅದೇ ಗಿಡದ ಫೋಟೋ ಹಾಕಿ, ನೋಡ್ತೀನಿ.