‘ಯಾದೃಚ್ಛಿಕ’ಕ್ಕೆ ‘ಚೀಟಿ ಎತ್ತುವುದು’ ಆದೀತೇ? ಒಪ್ಪಿಗೆ ಪತ್ರದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ. ಔಷಧ ಪ್ರಯೋಗಕ್ಕೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರವೊಂದು ಇಲ್ಲಿ ಕನ್ನಡಕ್ಕೆ ಬರುತ್ತಿದೆ. ‘ರ‍್ಯಾಂಡಮೈಸೇಶನ್’ಗೆ ಅಂದರೆ ಯಾರಿಗೆ ಯಾವ ಮದ್ದೆಂಬುದನ್ನು ಯಾರೂ ಆರಿಸದೆ ಹಂಚುವುದಕ್ಕೆ, ಕರಡಿನಲ್ಲಿ ‘ಯಾದೃಚ್ಛಿಕ ಹಂಚಿಕೆ’ ಎಂದಿದೆ. ತುಳು ಮನೆಮಾತಿನವರು ಹಾಗಿರಲಿ, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಇದು ತಿಳಿಯುವುದು ಕಷ್ಟ. ‘ಚೀಟಿ ಎತ್ತಿ ತೀರ್ಮಾನಿಸುವುದು’ ಎನ್ನಬಹುದೇ? ಹೋಲಿಕೆಗೆಂದು ಕೊಡುವ, ಮದ್ದಿನ ಅಂಶವಿಲ್ಲದ ‘ಪ್ಲಸೀಬೊ’ಗೆ ‘ಹುಸಿಮದ್ದು’ ಸರಿಯೇ?
— ಉಡುಪಿಯಿಂದ

ಮಾನ್ಯರೇ,

‘ಯಾದೃಚ್ಛಿಕ’ವನ್ನು ಬಿಡಲೇಬೇಕು. ಆದರೆ ‘ಚೀಟಿ ಎತ್ತುವುದು’ ಬೇರೆಯದೇ ಅರ್ಥ ಕೊಟ್ಟುಬಿಡುತ್ತದೆ. ಚೀಟಿ ಎತ್ತುವುದೆಂದರೆ ನಾಲ್ಕು ಜನರೆದುರು, ಆಗಿಂದಾಗ ನಡೆಯುವ ಕೆಲಸ. ದೇವರ ಮುಂದೆ ಎತ್ತಿದ್ದಾದರೆ ಬಂದದ್ದು ಅಪ್ಪಣೆ, ಆಮೇಲೆ ಬೇಡವೆನ್ನುವ ಹಾಗಿಲ್ಲ. ಪ್ರಯೋಗದಿಂದಲೋ ಯಾವಾಗ ಬೇಕಾದರೂ ಹೊರಬರಬಹುದು, ಅದು ಸೇರಿದವರ ಹಕ್ಕು. ಆ ಹಕ್ಕನ್ನು ಮಸುಕು ಮಾಡುವ ಪದ ಒಪ್ಪಿಗೆ ಪತ್ರದಲ್ಲಿ ಇರಬಾರದು. ಆಸ್ಪತ್ರೆಯಲ್ಲಿ ಚೀಟಿ ಎಂದರೆ ಡಾಕ್ಟರು ಬರೆದುಕೊಡುವ ಮದ್ದಿನ ಚೀಟಿಯೂ ಹೌದು.

ನಿಜವಾಗಿ ನಡೆಯುವುದು ಹೀಗೆ. ಯಾವ ಕ್ರಮಸಂಖ್ಯೆಗೆ ಯಾವ ಗುಂಪು ಎಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮೊದಲೇ ತಯಾರಿಸಿ, ರೋಗಿಗಳನ್ನು ಸೇರಿಸಿಕೊಳ್ಳುವವರ ಕಣ್ಣಿಗೆ ಬೀಳದಂತೆ ಇಡುತ್ತಾರೆ. ಲಕೋಟೆ ಬಳಸುವುದಾದರೆ ಅದು ಬೆಳಕಿಗೆ ಹಿಡಿದರೂ ಒಳಗಿನದು ಕಾಣದಂಥದು. ಒಪ್ಪಿಗೆಯ ಸಹಿಯಾಗಿ, ಅರ್ಹತೆ ನೋಡಿ, ಲಕೋಟೆಯ ಮೇಲೆ ಹೆಸರು ಬರೆದ ಮೇಲಷ್ಟೇ ಒಡೆಯಬೇಕು. ಮೊದಲೇ ಒಡೆದರೆ ಗಟ್ಟಿಮುಟ್ಟಾದ ರೋಗಿ ಹೊಸ ಮದ್ದಿನ ಕಡೆಗೂ ಸೊರಗಿದವರು ಇನ್ನೊಂದು ಕಡೆಗೂ ಸರಿಯುತ್ತಾರೆ. ಕೊನೆಗೆ ಕಂಡ ವ್ಯತ್ಯಾಸ ಮದ್ದಿನದೋ ರೋಗಿಯದೋ ಹೇಳಲಾಗದು. ಯಾರಿಗೆ ಯಾವ ಮದ್ದೆಂಬುದು ಗುಟ್ಟಾಗಿರದ ಪ್ರಯೋಗದಲ್ಲಿ, ಪ್ರತಿ ನಾಲ್ವರಲ್ಲಿ ಇಬ್ಬಿಬ್ಬರು ಒಂದೊಂದು ಗುಂಪಿಗೆ ಬರುವಂತೆ ನಾಲ್ಕು ನಾಲ್ಕರ ಕಂತಿನಲ್ಲಿ ಹಂಚಿದರೂ ಅಪಾಯವೇ: ಮೂರು ಗೊತ್ತಾದರೆ ನಾಲ್ಕನೆಯದು ತಾನಾಗಿ ಗೊತ್ತಾಗುತ್ತದೆ. (1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದ 107 ಕ್ಷಯರೋಗಿಗಳನ್ನು ಹಂಚಿದ್ದು ಮುಚ್ಚಿದ ಲಕೋಟೆಯಿಂದಲೇ. ಆದರೆ ಹೋಲಿಕೆಯ ಗುಂಪಿನಲ್ಲಿದ್ದವರಿಗೆ ತಾವು ಆ ಗುಂಪಿನವರೆಂಬುದನ್ನು ತಿಳಿಸಿರಲಿಲ್ಲ.)

ಹಾಗಾಗಿ ಒಂದೇ ಪದಕ್ಕೆ ಹಟ ಹಿಡಿಯದೆ ವಾಕ್ಯವನ್ನೇ ಬರೆಯಿರಿ: ‘ನಿಮಗೆ ಯಾವ ಮದ್ದು ಎಂಬುದನ್ನು ನೀವಾಗಲಿ ಡಾಕ್ಟರಾಗಲಿ ಆರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಮಾಡಿಟ್ಟ ಪಟ್ಟಿಯಲ್ಲಿ ನಿಮ್ಮ ಸರದಿಗೆ ಏನಿದೆಯೋ ಅದು ಸಿಗುತ್ತದೆ.’ ಪದ ಬೇಕೇ ಬೇಕೆಂದರೆ ‘ಆಯ್ಕೆಯಿಲ್ಲದ ಹಂಚಿಕೆ’ ಎನ್ನಬಹುದು.

ಪ್ರತಿ ಗುಂಪಿಗೆ ಬೀಳುವ ಸಂಭವ ಎಷ್ಟೆಂದು ಪತ್ರದಲ್ಲಿ ಹೇಳಬೇಕೆಂಬುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮ. ಅಲ್ಲಿ ‘ಸಮಾನ ಅವಕಾಶ’ ಬೇಡ. ‘ಅವಕಾಶ’ ಎಂದ ಕೂಡಲೇ ಅದು ಲಾಭದ ಮಾತಾಗುತ್ತದೆ. ‘ಹತ್ತು ಜನ ಸೇರಿದರೆ ಸುಮಾರು ಐವರಿಗೆ ಹೊಸ ಮದ್ದು’ ಎಂದರೆ ಸಾಕು.

ಇನ್ನು ‘ಹುಸಿಮದ್ದು’. ಅದರಲ್ಲಿ ಮೋಸದ ಧ್ವನಿಯಿದೆ. ‘ಸಕ್ಕರೆ ಮಾತ್ರೆ’ ಎಂದರೆ ಮಧುಮೇಹಿಗಳು ಹೆದರುತ್ತಾರೆ, ಹೋಮಿಯೋಪತಿಯ ಗುಳಿಗೆಯೂ ನೆನಪಾಗುತ್ತದೆ. ಬಾಯಲ್ಲಿ ವಿವರಿಸುವಾಗ ಗದ್ದೆಯ ‘ಜೊಳ್ಳು’ ಒಳ್ಳೆಯ ಹೋಲಿಕೆ: ಹೊರಗೆ ಭತ್ತವೇ, ಒಳಗೆ ಅಕ್ಕಿಯಿಲ್ಲ. ಪತ್ರದಲ್ಲಿ ಮಾತ್ರ ‘ನೋಡಲು ಮದ್ದಿನ ಹಾಗೇ ಇದ್ದು, ಒಳಗೆ ಮದ್ದಿನ ಅಂಶವಿಲ್ಲದ ಮಾತ್ರೆ, ಇದರಿಂದ ಚಿಕಿತ್ಸೆಯ ಪರಿಣಾಮ ಇಲ್ಲ’ ಎಂದೇ ಇರಲಿ. ಕೊನೆಯ ಆ ಮಾತನ್ನು ಅದೇ ನಿಯಮಗಳು ಕಡ್ಡಾಯ ಮಾಡಿವೆ.

ನೀವು ಕೇಳದ ಒಂದು ಪದ: ‘ಡಬಲ್ ಬ್ಲೈಂಡ್’ ಅನ್ನು ‘ಇಮ್ಮಡಿ ಕುರುಡು’ ಮಾಡಬೇಡಿ, ಕಣ್ಣಿನ ಮದ್ದಿನ ಪ್ರಯೋಗದಲ್ಲಂತೂ ಖಂಡಿತ ಬೇಡ. ‘ಯಾರಿಗೆ ಯಾವುದು ಎಂದು ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ; ತುರ್ತು ಬಂದರೆ ಗುಟ್ಟು ಒಡೆದು ನೋಡುವ ವ್ಯವಸ್ಥೆ ಇದೆ’ ಎನ್ನಿ.

ಕನ್ನಡದ ಪತ್ರವನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಿ ಹೋಲಿಸುವ ಮರು ಅನುವಾದದ ಪರೀಕ್ಷೆಯನ್ನೇ ನಂಬಿ ಕೂರಬೇಡಿ. ‘ಯಾದೃಚ್ಛಿಕ’ ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಅನುವಾದಕರಿಗೆ ನಿಘಂಟು ಗೊತ್ತು. ಪತ್ರ ಓದಿ ಹೇಳಿದ ಮೇಲೆ ‘ನಿಮಗೆ ಯಾವ ಮದ್ದು ಅಂತ ಯಾರು ತೀರ್ಮಾನ ಮಾಡ್ತಾರೆ?’ ಎಂದು ಕೇಳಿ, ತುಳುವರಲ್ಲಿ ತುಳುವಿನಲ್ಲೇ ಕೇಳಿ. ‘ಡಾಕ್ಟ್ರು’ ಎಂಬ ಉತ್ತರ ಬಂದರೆ ವಾಕ್ಯವನ್ನು ತಿದ್ದಬೇಕು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಮಾತುಕತೆಯ ಉದ್ದಕ್ಕೂ ಕೂತಿರಬೇಕು, ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಕರೆತಂದರೆ ಆಗದು. ಆ ಸಾಕ್ಷಿಗೂ ತುಳು ತಿಳಿದಿರಲಿ.

ಈ ತಿದ್ದುಪಡಿಗಳೆಲ್ಲ ಪ್ರಯೋಗವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಪತ್ರವನ್ನು ಕಳಿಸುವ ಮೊದಲೇ ಮುಗಿಯಲಿ. ಒಪ್ಪಿಗೆ ಸಿಕ್ಕ ಮೇಲೆ ವಾಕ್ಯ ಬದಲಿಸಿದರೆ ಹೊಸ ಆವೃತ್ತಿ ಸಂಖ್ಯೆ, ದಿನಾಂಕ ಹಾಕಿ ಮತ್ತೆ ಸಮಿತಿಯ ಮುಂದಿಡಬೇಕಾಗುತ್ತದೆ.
— ಮಂಗಳೂರಿನಿಂದ